ಕೆರೆಯ ಕೆಳಗಿನವರನ್ನು ಕೇಳಿ

"ಏನ್ ಬರಿಯಾಕತ್ತೀಯೋ ತಮ್ಮಾ, ಮುಂಜಾನಿಂದ ಒಂದ ಸವನ?"

ಹಿತ್ತಲ ಬೇಲಿಯ ಆಚೆಯಿಂದ ಕಾಕಾ ಕೇಳಿದರು. ಕೈಯಲ್ಲಿ ಕುಡಗೋಲು, ಕಾಲ ಬುಡದಲ್ಲಿ ಕಡಿದು ಹಾಕಿದ ಮುಳ್ಳುಕಂಟಿ. ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮಿಬ್ಬರ ಮನೆಯ ನಡುವಿನ ಈ ಬೇಲಿಯನ್ನು ಸವರುವುದು ಅವರ ಕೆಲಸ. ಬೇಡ ಅಂದರೂ ಕೇಳುವವರಲ್ಲ. ನಮ್ಮ ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಕಟ್ಟೆಯ ಮೇಲೆ ಕೂತು ನಾನೊಂದು ಪಟ್ಟಿ ಮಾಡುತ್ತಿದ್ದೆ.

"ಸಭೆ ಕರಿಯೂದೈತಿ ಕಾಕಾ. ನಕಾಶಿ ಮಾಡೋರ ಸಭೆ."

"ಮೋಜಣಿಯವರು ಬರ್ತಾರೇನು ಊರಿಗೆ?"

"ಮೋಜಣಿಯವರಲ್ರಿ. ನಮ್ಮಂಥವರ. ತಮ್ಮ ಖುಷಿಲೆ ಮಾಡೋರು."

"ಪಗಾರ?"

"ಇಲ್ರಿ."

"ಹಂಗಾರ ಯಾಕ ಮಾಡ್ತಾರ?"

ಈ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ಹೊತ್ತು ನೆತ್ತಿಗೆ ಬಂತು. ಕಾಕಾ ಕುಡಗೋಲು ಕೆಳಗಿಟ್ಟು ಬೇಲಿಯ ಕಲ್ಲಕಂಬಕ್ಕೆ ಒರಗಿದರು. ಪಾತ್ರೆ ತಿಕ್ಕುತ್ತಿದ್ದ ಕಾಕಿಯೂ ಕಿವಿ ಇತ್ತ ಕೊಟ್ಟರು. ಅಂದು ನಾವು ಮೂವರು ಆಡಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಪಟ್ಟಿಯನ್ನು ಅವರಿಬ್ಬರೂ ಸೇರಿ ಪೂರ್ತಿ ತಿದ್ದಿಬಿಟ್ಟರು.

ಕಾಕಾ ನಿವೃತ್ತ ನೀರಗಂಟಿ. ಯಾವ ಓಣಿಗೆ ಯಾವ ವಾಲ್ವು, ಯಾವ ಪೈಪು ಯಾರ ಮನೆಯ ಕಟ್ಟೆಯಡಿ ಹಾದಿದೆ, ಯಾವ ಬೋರಿನ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ, ಎಲ್ಲ ಅವರ ತಲೆಯಲ್ಲಿದೆ. ಕಾಗದದ ಮೇಲೆ ಒಂದೂ ಇಲ್ಲ. ಅವರ ನಂತರ ಬಂದ ಹುಡುಗ ಇಂದಿಗೂ ಒಮ್ಮೊಮ್ಮೆ ಇವರ ಮನೆಯ ಮುಂದೆ ಬಂದು ನಿಂತು, "ಅಜ್ಜಾರ, ಆ ವಾಲ್ವ್ ಎಲ್ಲೈತ್ರಿ?" ಅಂತ ಕೇಳುತ್ತಾನೆ. ಇವರು ಚಪ್ಪಲಿ ಮೆಟ್ಟಿ ಹೋಗಿ, ಕಾಲಿನಿಂದ ಮಣ್ಣು ಸರಿಸಿ ತೋರಿಸಿ ಬರುತ್ತಾರೆ.

ಅವರಿಗೆ ನಾನು ಹೇಳಿದ್ದು ಇಷ್ಟು. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ತರುಣ ಒಂದು ನಕಾಶೆ ಶುರುಮಾಡಿದ. ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. ಅದರಲ್ಲಿ ಯಾರು ಬೇಕಾದರೂ ತಮ್ಮ ಊರನ್ನು ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು, ಬರೆದದ್ದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಮನೆಯಲ್ಲಿ ಒಬ್ಬೊಬ್ಬರೇ ಕೂತು ಬರೆದರೆ ಸಾಲದು ಅನ್ನಿಸಿದಾಗ, 2006ರ ಮೇ ತಿಂಗಳಲ್ಲಿ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ ಎಲ್ಲರೂ ಕೂಡಿ ಶನಿವಾರ, ಭಾನುವಾರ ತಿರುಗಿ ದಾರಿಗಳನ್ನು ದಾಖಲು ಮಾಡಿದರು. ಅಂಥ ಕೂಟಗಳು ಆಮೇಲೆ ಊರೂರಿಗೆ ಹಬ್ಬಿದವು. ನಮ್ಮ ಬೆಂಗಳೂರಲ್ಲೂ ಆಗಿವೆ. 2018ರ ನವೆಂಬರಿನಲ್ಲಿ ಇಡೀ ಏಷ್ಯಾದ ನಕಾಶೆಗಾರರ ಸಮಾವೇಶ ಬೆಂಗಳೂರಿನಲ್ಲೇ ನಡೆಯಿತು.

"ಬೆಂಗಳೂರಾಗ ಆಗೂದು ಬಿಡು," ಎಂದರು ಕಾಕಾ. "ಅಲ್ಲಿ ಓಣಿಗೊಂದು ಫಲಕ ಇರತಾವು. ಓದಿ ಬರಕೊಳ್ಳೂದು. ನಮ್ಮಲ್ಲಿ ಯಾವ ಫಲಕ ನೋಡಿ ಬರೀತಿ?"

ಅದೇ ತೊಡಕು. ನಮ್ಮ ಕಡೆಯ ಹೆಸರುಗಳೆಲ್ಲ ಬಾಯಲ್ಲಿವೆ.

ಆದರೆ ಕಾಕಾನ ಮನಸ್ಸಿನಲ್ಲಿ ಬೇರೊಂದು ಅಳುಕಿತ್ತು. ಸ್ವಲ್ಪ ತಡೆದು ಕೇಳಿದರು: "ಹೊಲದ ಬಾಂದು, ಬದು, ಅದನ್ನೂ ಬರೀತೀರೇನು? ನಾಳೆ ಒಬ್ಬ ಬಂದು, ನಿನ್ನ ಫೋನಿನಾಗ ನನ್ನ ಹೊಲ ಇಲ್ಲೀತನಕ ಐತಿ ಅಂದ್ರ?"

ಇದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಬದುವಿನ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಪ್ರತಿ ಊರಲ್ಲೂ ಇವೆ. ನಮ್ಮ ಜನಕ್ಕೆ ನಕಾಶೆ ಅಂದರೆ ಮೋಜಣಿ, ಮೋಜಣಿ ಅಂದರೆ ಉತಾರ, ಉತಾರ ಅಂದರೆ ತಕರಾರು. ಮುಂಬೈ ಸರಕಾರದ ಕಾಲದಿಂದ ಹಾಗೇ ಬಂದಿದೆ. 33 ಅಡಿಯ ಸರಪಳಿ ಹಿಡಿದು ಅಳೆದರು; ಸರಪಳಿ ಉದ್ದ, ಸರಪಳಿ ಅಗಲದ ಚೌಕಕ್ಕೆ ಒಂದು ಗುಂಟೆ ಅಂದರು; 40 ಗುಂಟೆ ಕೂಡಿದರೆ ಎಕರೆ. ಆ ನಕಾಶೆ ಹುಟ್ಟಿದ್ದೇ ಕಂದಾಯಕ್ಕೆ. ಈಗಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಫೋನಿನಲ್ಲೇ ಕಾಣುತ್ತದೆ, ಅದು ಸರಕಾರದ ಕೆಲಸ, ನಡೆಯಲಿ. ನಾವು ಮಾಡುವುದು ಅದಲ್ಲ. ಯಾರ ಹೊಲ, ಎಷ್ಟು ಗುಂಟೆ, ಯಾರ ಹೆಸರಲ್ಲಿದೆ ಎಂಬ ಯಾವುದನ್ನೂ ನಾವು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಕೈಯಲ್ಲಿನ ಫೋನು ಜಾಗ ಹೇಳುವಾಗ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ಅದರಿಂದ ಬದು ನಿರ್ಧಾರ ಆಗುವುದಿಲ್ಲ. ದಾರಿ, ಕೆರೆ, ಬಾವಿ, ಗುಡಿ, ಶಾಲೆ, ನಳ, ಮರ, ಬಸ್‌ಸ್ಟ್ಯಾಂಡು, ಹೀಗೆ ಹತ್ತು ಜನಕ್ಕೆ ಬೇಕಾದದ್ದೇ ನಮ್ಮ ಪಾಲಿನದು. ಇದನ್ನು ಸಭೆಯಲ್ಲಿ ಮೊದಲ ಮಾತಾಗಿ ಹೇಳಬೇಕು ಎಂದು ಕಾಕಾ ಹಟ ಹಿಡಿದರು. ಹಾಳೆಯ ಮೇಲೆ ಒಂದನೆಯ ನಂಬರಿಗೆ ಅದನ್ನೇ ಬರೆದೆ.

"ಸರಕಾರದವರು ಸುಮ್ಮನಿರತಾರಾ?" ಕಾಕಿಯ ಪ್ರಶ್ನೆ. ಅದಕ್ಕೂ ಉತ್ತರವಿತ್ತು. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ಮಾರ್ಗಸೂಚಿ ಹೊರಡಿಸಿ, ಭಾರತೀಯರು ನಕಾಶೆ ಮಾಡಲು ಮುಂಚಿತ ಪರವಾನಗಿ ಬೇಕಿಲ್ಲ ಅಂದಿತು. ಅದಕ್ಕೂ ಮೊದಲು, 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ತನ್ನ 250ನೆಯ ವರ್ಷದಲ್ಲಿ ನಕಾಶೆಗಳನ್ನು ಜನರಿಗೆ ಪುಕ್ಕಟೆ ಕೊಡಲು ಒಂದು ಜಾಲತಾಣ ತೆರೆದಾಗ ಅದಕ್ಕಿಟ್ಟ ಹೆಸರೇ 'ನಕ್ಷೆ'.

ಇನ್ನು, ನಾನು ಈ ಸಭೆ ಕರೆಯಲು ಹೊರಟದ್ದಕ್ಕೆ ಕಾರಣ ಒಂದು ಲಾರಿ. ಕಾಕಾನಿಗೆ ಅದನ್ನು ನೆನಪಿಸಬೇಕಾಗಿರಲಿಲ್ಲ.

ಹೋದ ವರ್ಷ ಗೋವಿನಜೋಳದ ಸುಗ್ಗಿಯಲ್ಲಿ ಹೊರಗಿನ ಲಾರಿಯೊಂದು ರಾತ್ರಿ ಮಾಲು ತುಂಬಲು ಬಂತು. ಡ್ರೈವರ್ ಹೊಸಬ. ಅವನ ಫೋನಿನ ನಕಾಶೆಯಲ್ಲಿ ಕೆರೆ ಏರಿಯ ಮೇಲಿನ ಬಂಡಿದಾರಿ ಡಾಂಬರು ರಸ್ತೆಯ ಹಾಗೆ ದಪ್ಪ ಗೆರೆಯಾಗಿ ಕಾಣುತ್ತಿತ್ತು. ನಂಬಿ ಏರಿ ಹತ್ತಿಸಿದ. ಅರ್ಧ ದಾರಿ ಹೋದ ಮೇಲೆ ಮುಂದೆ ಹೋಗಲಾರ, ತಿರುಗಿಸಲಾರ. ಹಿಂದಿನ ಗಾಲಿಯ ಕೆಳಗೆ ಏರಿಯ ಅಂಚು ಕುಸಿಯಿತು. ಆಚೆ ನೀರು, ಈಚೆ ಗದ್ದೆ. ಕಾಕಾ ಬ್ಯಾಟರಿ ಹಿಡಿದು ಓಡಿ ಹೋದರು. ಲಾರಿ ಇಂಚಿಂಚಾಗಿ ಹಿಂದೆ ಬಂದು ಕೆಳಗಿಳಿಯುವಷ್ಟರಲ್ಲಿ ಬೆಳಗಿನ ಜಾವ. ಲಾರಿ ಹೋದ ಮೇಲೂ ಅವರು ಮನೆಗೆ ಬರಲಿಲ್ಲ. ಕುಸಿದ ಕಡೆ ನೀರು ಜಿನುಗುತ್ತದೇನೋ ಎಂದು ಬೆಳಗಾಗುವ ತನಕ ಅಲ್ಲೇ ಕೂತರು. ಆ ಡ್ರೈವರನದು ತಪ್ಪು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಅವನಿಗೆ ದಾರಿ ಹೇಳಿದ ಗೆರೆಯನ್ನು ಎಳೆದವರು ನಮ್ಮ ಏರಿಯನ್ನು ಕಂಡವರಲ್ಲ. ಕಂಡ ನಾವು ಗೆರೆ ಎಳೆದಿರಲಿಲ್ಲ.

ಮಾತು ಕೆರೆಗೆ ಬಂದದ್ದೇ ತಡ, ಫೋನು ತೆಗೆದು ಬೇಲಿಯ ಮೇಲಿಂದ ಕಾಕಾನ ಕೈಗೆ ಕೊಟ್ಟೆ. ಆಕಾಶದಿಂದ ತೆಗೆದ ಉಪಗ್ರಹದ ಚಿತ್ರ. ನಾವು ಬರೆಯುವುದು ಹೆಚ್ಚಾಗಿ ಇಂಥ ಚಿತ್ರವನ್ನು ಕೆಳಗೆ ಹಾಸಿಕೊಂಡೇ. ಅದರ ಮೇಲೆ ಬೆರಳಿಂದ ಚುಕ್ಕೆ ಇಡುತ್ತ ಹೋಗಿ, ಚುಕ್ಕೆಗಳನ್ನು ಗೆರೆಯಾಗಿ ಕೂಡಿಸಿ, ಇದು ದಾರಿ, ಇದು ಕಟ್ಟಡ, ಇದು ನೀರು ಎಂದು ಗುರುತು ಹಚ್ಚುವುದು. ಬೇರೆ ಕಂಪನಿಯ ನಕಾಶೆ ನೋಡಿ ನಕಲು ಹೊಡೆಯುವ ಹಾಗಿಲ್ಲ, ಅದು ಅವರ ಸೊತ್ತು. ಬರೆಯಲು ಅನುಮತಿ ಕೊಟ್ಟ ಚಿತ್ರಗಳು ಬೇರೆಯೇ ಇವೆ, ಅವನ್ನಷ್ಟೇ ಬಳಸಬೇಕು.

ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೆಬ್ಬೆರಳು ಪರದೆಯ ಮೇಲೆ ನಿಧಾನ ಸರಿಯಿತು. ಆಮೇಲೆ, "ಕೆರಿ ಎಲ್ಲೈತೋ?" ಅಂದರು.

ನಾನು ತೋರಿಸಿದೆ. ಚಿತ್ರ ಬೇಸಗೆಯಲ್ಲಿ ತೆಗೆದದ್ದು. ನೀರಿನ ಗುರುತೇ ಇಲ್ಲ. ಬಿಳಿಚಿದ ನೆಲ, ನಡುವೆ ದನ ಹಾದ ಜಾಡು, ಅಂಚಿನಲ್ಲಿ ಒಂದೆರಡು ಹಸಿರು ಪಟ್ಟಿ. ದೂರದಲ್ಲಿ ಕೂತವರು ಇದನ್ನು ನೋಡಿದರೆ ಹೊಲ ಅನ್ನುತ್ತಾರೆ, ಹೊಲ ಅಂತಲೇ ಬರೆಯುತ್ತಾರೆ. ಅಪ್ರಾಮಾಣಿಕತೆ ಅಲ್ಲ ಅದು, ಅವರಿಗೆ ಕಂಡದ್ದು ಅಷ್ಟೇ. ಆದರೆ ನಕಾಶೆಯಲ್ಲಿ ಹತ್ತು ವರ್ಷ ಹೊಲವಾಗಿ ಉಳಿದ ಕೆರೆ ಮುಂದೊಂದು ದಿನ ನೆಲದ ಮೇಲೂ ಹೊಲವಾದರೆ ಕೇಳುವವರು ಯಾರು? ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಹೆದರಿಕೆ ಇರುವುದು ಇದೇ ವಿಷಯಕ್ಕೆ.

"ಇಲ್ಲಿ ನೋಡು," ಎಂದರು ಕಾಕಾ. ಬೆರಳು ಒಂದು ಕಡೆ ನಿಂತಿತ್ತು. ಏರಿಯ ನೆರಳಿನ ಒಳಗೆ ಎರಡು ಸಣ್ಣ ಕಪ್ಪು ಚುಕ್ಕೆ. ನಾನು ನೂರು ಸಲ ನೋಡಿದ ಚಿತ್ರ, ಅವನ್ನು ಒಮ್ಮೆಯೂ ಕಂಡಿರಲಿಲ್ಲ. "ತೂಬಿನ ಕಲ್ಲು. ಕೆರಿ ತುಂಬಿದಾಗ ತುದಿ ಅಷ್ಟ ಕಾಣತೈತಿ. ಇಲ್ಲಿಂದ ಕಾಲುವಿ ಹಿಂಗ ಹೋಗತೈತಿ. ಕೋಡಿ ಈ ಮೂಲ್ಯಾಗ. ಕೋಡಿ ಬಿದ್ದ ನೀರು ಈ ಹಳ್ಳಕ್ಕ." ಒಣಗಿದ ಚಿತ್ರದ ಮೇಲೆ ಅವರ ಹೆಬ್ಬೆರಳು ನೀರು ಹರಿಸುತ್ತ ಹೋಯಿತು. ಆಮೇಲೆ ಫೋನು ವಾಪಸು ಕೊಟ್ಟು ಹೇಳಿದರು: "ನಿನ್ನ ಸಭೆ ಒಂದ ದಿನಕ್ಕ ಮುಗಿಯೂದಲ್ಲ ತಮ್ಮಾ. ಬ್ಯಾಸಗಿಯೊಳಗ ಒಂದ್ಸಲ ಕರಿ, ತೂಬು, ಕಾಲುವಿ, ಹೂಳು ಎಲ್ಲಾ ನಡದು ನೋಡ್ರಿ. ಕೆರಿ ತುಂಬಿದ ಮ್ಯಾಲ ಇನ್ನೊಂದ್ಸಲ ಕರಿ, ನೀರು ಎಲ್ಲೀತನಕ ನಿಂತೈತಿ ನೋಡ್ರಿ. ಎರಡೂ ನೋಡದ ಕೆರಿ ಬರೀಬಾರದು."

ನನ್ನ ಪಟ್ಟಿಯಲ್ಲಿ ಒಂದೇ ತಾರೀಖಿತ್ತು. ಹೊಡೆದು ಹಾಕಿದೆ.

ಮೊದಲನೆಯದು ಯುಗಾದಿ ಆದ ಮೇಲಿನ ಭಾನುವಾರ ಎಂದು ಮಾತಾಯಿತು. ಮೆಣಸಿನಕಾಯಿ ಪೇಟೆಗೆ ಹೋಗಿ ಆಗಿರುತ್ತದೆ, ಬಿತ್ತನೆ ಇನ್ನೂ ದೂರ. ಬಿಸಿಲಿಗೆ ಅಂಜಿ ಬೆಳಿಗ್ಗೆ ಆರೂವರೆಗೆ ಶುರು, ಹತ್ತಕ್ಕೆ ನೆರಳು ಸೇರುವುದು. ಎರಡನೆಯದು ಮಹಾನವಮಿ ಮತ್ತು ಸೀಗಿ ಹುಣ್ಣಿಮೆಯ ನಡುವೆ. ಮಕ್ಕಳಿಗೆ ದಸರೆಯ ಸೂಟಿ, ಕೆರೆಯಲ್ಲಿ ನೀರು, ಗೋವಿನಜೋಳ ಇನ್ನೂ ನಿಂತಿರುತ್ತದೆ. ದೀಪಾವಳಿ ಕಳೆದರೆ ನಮ್ಮ ಹುಡುಗರು ಕೈಗೆ ಸಿಗುವುದಿಲ್ಲ, ಹೋರಿ ಹಬ್ಬದ ಹಿಂದೆ ಊರೂರು ಸುತ್ತುತ್ತಾರೆ. ಕೊಬ್ಬರಿ ಹೋರಿ ಬಿಟ್ಟು ನಕಾಶೆಗೆ ಬಾ ಅಂದರೆ ಯಾವ ಹುಡುಗ ಬಂದಾನು? ಸಂತೆಯ ದಿನವೂ ಬೇಡ. ಮದುವೆಯ ಮುಹೂರ್ತಗಳನ್ನು ಪಂಚಾಂಗ ನೋಡಿ ಬಿಡಬೇಕು ಎಂದು ಕಾಕಿ ಸೇರಿಸಿದರು.

ಸೇರುವ ಜಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಂಥ ಕಡೆ ಸಿಕ್ಕರೆ ಚೆಲೋ. ಇಲ್ಲದಿದ್ದರೆ ಶಾಲೆಯ ಪಡಸಾಲೆ. ಲ್ಯಾಪ್‌ಟಾಪು ಎರಡು ಸಾಕು. ಕರೆಂಟು ನಂಬಿ ಕೂತರೆ ಸಭೆ ನಡೆಯುವುದಿಲ್ಲ, ಆದ್ದರಿಂದ ಊರಿನ ಚಿತ್ರವನ್ನು ದೊಡ್ಡ ಹಾಳೆಗಳ ಮೇಲೆ ಅಚ್ಚು ಹಾಕಿಸುತ್ತೇನೆ. ಹಿರಿಯರು ಪೆನ್ಸಿಲಿನಿಂದ ಹಾಳೆಯ ಮೇಲೆ ಬರೆಯಲಿ, ಸಂಜೆ ಹುಡುಗರು ಅದನ್ನು ನೋಡಿ ಏರಿಸಲಿ. ಹೊಲದಲ್ಲಿ ಸಿಗ್ನಲ್ ಸಿಗದಿದ್ದರೂ ಚಿಂತೆಯಿಲ್ಲ, ಜಾಗ ಗುರುತಿಸಲು ಫೋನಿಗೆ ನೆಟ್ ಬೇಕಾಗಿಲ್ಲ. ಜಿಪಿಎಸ್ ಆಕಾಶದಿಂದ ನೇರ ಬರುತ್ತದೆ. ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಇದೆ. ನೀವು ನಿಂತ ದಾರಿಯಲ್ಲೇ ಅದು ಒಂದೊಂದು ಪ್ರಶ್ನೆ ಕೇಳುತ್ತದೆ: ಈ ದಾರಿ ಡಾಂಬರೋ ಮಣ್ಣೋ, ಈ ಬಸ್‌ಸ್ಟಾಪಿಗೆ ನೆರಳಿದೆಯೋ. ಹೈಸ್ಕೂಲು ಮಕ್ಕಳು ಅರ್ಧ ತಾಸಿನಲ್ಲಿ ಕಲಿಯುತ್ತಾರೆ. ತಪ್ಪು ಬರೆದರೆ ಏನು ಗತಿ ಎಂದು ಅಂಜುವವರಿಗೆ ಒಂದು ಧೈರ್ಯ: ಪ್ರತಿಯೊಂದು ತಿದ್ದುಪಡಿ ಇತಿಹಾಸದಲ್ಲಿ ಉಳಿಯುತ್ತದೆ, ಹಿಂದಕ್ಕೆ ತರಲು ಬರುತ್ತದೆ.

"ಎಲ್ಲಾ ಹುಡುಗರ ಹೆಸರ ಬರದೀ," ಕಾಕಿ ಕೈ ಒರೆಸಿಕೊಳ್ಳುತ್ತ ಬೇಲಿಯ ಹತ್ತಿರ ಬಂದರು. "ಹೆಣ್ಮಕ್ಕಳು ಬರೂದು ಬ್ಯಾಡನು?"

ಬೇಕು ಎಂದೆ. "ಹಂಗಾರ ಹೊತ್ತ ಬದಲು ಮಾಡು. ಆರೂವರಿಗೆ ನಾವು ನಳದ ಮುಂದ ಇರತೀವಿ. ರೊಟ್ಟಿ ಬಡಿಯೂದಿರತೈತಿ. ಹತ್ತರ ಮ್ಯಾಲ ನಮ್ಮ ಪಾಳಿ ಇಡು, ನೆರಳಿನಾಗ ಕುಂತು ಹೇಳ್ತೀವಿ." ಆಮೇಲೆ ಅವರು ಹೇಳಿದ್ದು ನಾನು ಯೋಚಿಸಿಯೇ ಇರದ ಸಂಗತಿಗಳು. ಯಾವ ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲ. ಸಂಜೆ ಬಸ್ಸಿಳಿದ ಹುಡುಗಿಯರು ಯಾವ ದಾರಿ ಬಿಟ್ಟು ಯಾವ ದಾರಿ ಹಿಡಿಯುತ್ತಾರೆ, ಅಲ್ಲಿ ಎಷ್ಟು ಕಂಬಕ್ಕೆ ದೀಪವಿಲ್ಲ. ಮಳೆಗಾಲದಲ್ಲಿ ಅಂಗನವಾಡಿಯ ಮುಂದೆ ಎಷ್ಟು ದಿನ ನೀರು ನಿಲ್ಲುತ್ತದೆ. ಇವುಗಳಲ್ಲಿ ಬಹುಪಾಲಿಗೆ ನಕಾಶೆಯಲ್ಲಿ ಜಾಗವಿದೆ. ಕುಡಿಯುವ ನೀರು ಹೌದೋ ಅಲ್ಲವೋ, ದಾರಿಗೆ ದೀಪವಿದೆಯೋ ಇಲ್ಲವೋ, ಎಲ್ಲಕ್ಕೂ ಖಾನೆ ಇದೆ. ತುಂಬುವವರು ಬಂದಿರಲಿಲ್ಲ, ಅಷ್ಟೇ.

ಹೆಸರುಗಳ ವಿಷಯಕ್ಕೆ ಬಂದಾಗ ಮಾತ್ರ ನಾವು ಮೂವರೂ ತುಸು ಸುಮ್ಮನಾದೆವು. ಊರಿನ ಹೆಸರನ್ನೇ ತೆಗೆದುಕೊಳ್ಳಿ. ಚಿಕ್ಕೇರೂರು, ಚಿಕ್ಕೆರೂರು, ಬಾಯಲ್ಲಿ ಚಿಕ್ಕೇರೂರ. "ಹಿರೀದು ಹಿರೇಕೆರೂರ, ಸಣ್ಣದು ಚಿಕ್ಕೇರೂರ, ಎರಡೂ ಕೆರಿ ಊರ," ಎಂಬುದು ಕಾಕಾನ ಲೆಕ್ಕ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಫೋನು ಓದಿ ಹೇಳುವಾಗ ಹೆಸರಿನೊಳಗಿನ ಕೆರೆಯೂ ಬತ್ತಿಹೋಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯಬೇಕು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡದ ಹೆಸರಿಗೆ ಒಂದು ಖಾನೆ, ಇಂಗ್ಲಿಷಿಗೆ ಒಂದು, ಹಳೆಯ ಹೆಸರಿಗೆ ಒಂದು, ಆಡುಮಾತಿನ ಹೆಸರಿಗೆ ಇನ್ನೊಂದು. ಯಾವುದನ್ನೂ ಅಳಿಸಿ ಯಾವುದನ್ನೂ ಬರೆಯಬೇಕಿಲ್ಲ. ನಮ್ಮ ತಾಲೂಕಿಗೇ ಬ್ರಿಟಿಷರ ಕಾಲದಲ್ಲಿ ಕೋಡ ತಾಲೂಕು ಎಂಬ ಹೆಸರಿತ್ತು, ಕಚೇರಿ ಮಾತ್ರ ಹಿರೇಕೆರೂರಿನಲ್ಲಿ. ಜಿಲ್ಲೆ 1997ರ ತನಕ ಧಾರವಾಡ, ಆಮೇಲೆ ಹಾವೇರಿ. ಈಚೆಗೆ ರಟ್ಟೀಹಳ್ಳಿ ಬೇರೆ ತಾಲೂಕಾಯಿತು. ಹೆಸರೂ ಗಡಿಯೂ ಬದಲಾಗುತ್ತಲೇ ಬಂದಿವೆ, ಬರೆದಿಟ್ಟವರಿಂದ ಗೊತ್ತಾಗುತ್ತದೆ.

ಓಣಿಗಳ ಹೆಸರು ಇನ್ನೂ ಸೂಕ್ಷ್ಮ. ಊರಿನ ಕೆಲವು ಓಣಿಗಳನ್ನು ಹೊರಗಿನವರು ಕರೆಯುವ ಹೆಸರು ಒಂದು, ಅಲ್ಲಿ ಬದುಕುವವರು ಹೇಳಿಕೊಳ್ಳುವ ಹೆಸರು ಇನ್ನೊಂದು. ಹಳೆಯ ಕಾಲದ ತಾತ್ಸಾರ ಎಷ್ಟೋ ಹೆಸರುಗಳಲ್ಲಿ ಹಾಗೇ ಕೂತಿದೆ. ಅದನ್ನು ನಾವು ಹೊಸ ನಕಾಶೆಗೆ ಹೊತ್ತು ತಂದರೆ ಜಗತ್ತಿಗೆಲ್ಲ ಸಾರಿದ ಹಾಗೆ. ಆ ಓಣಿಯವರನ್ನೇ ಕೇಳಬೇಕು, ಅವರು ಹೇಳಿದ ಹೆಸರನ್ನೇ ಬರೆಯಬೇಕು. ಈ ಒಂದು ವಿಷಯದಲ್ಲಿ ಬಹುಮತ, ಹಿರಿತನ ಯಾವುದೂ ನಡೆಯಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಕಾಕಾ ಬಹಳ ಹೊತ್ತು ನೆಲ ನೋಡಿ, "ಹೌದು," ಎಂದರು.

ಇದೆಲ್ಲ ಯಾರಿಗೆ ಬೇಕಾಗುತ್ತದೆ ಎಂದು ಕೇಳುವವರಿಗೆ ನಾನು 2010ರ ಹೈತಿಯನ್ನು ನೆನಪಿಸುತ್ತೇನೆ. ಭೂಕಂಪವಾದ ಕೆಲವೇ ದಿನಗಳಲ್ಲಿ, ದೇಶದೇಶಗಳ ನೂರಾರು ಜನ ಮನೆಯಲ್ಲಿ ಕೂತು ಅಲ್ಲಿನ ರಾಜಧಾನಿಯ ಓಣಿಗಳನ್ನು ಬರೆದರು. ರಕ್ಷಣೆಗೆ ಹೋದವರು ಅದನ್ನೇ ಹಿಡಿದು ನಡೆದರು. ದೂರದ ಮಾತು ಬೇಡವೆಂದರೆ 2019ರ ಆಗಸ್ಟ್ ಇದೆ. ವರದೆ ತುಂಬಿ ಹಾನಗಲ್ಲ, ಸವಣೂರು ಕಡೆಯ ಊರುಗಳಿಗೆ ನೀರು ನುಗ್ಗಿದಾಗ, ಯಾವ ದಾರಿ ಮುಳುಗಿದೆ, ಯಾವ ಸೇತುವೆ ದಾಟಬಹುದು ಎಂಬುದು ಆಯಾ ಊರವರಿಗಷ್ಟೇ ಗೊತ್ತಿತ್ತು. ಮಳೆ ಬಂದ ಮೇಲೆ ಬರೆಯಲು ಆಗುವುದಿಲ್ಲ. ಮೊದಲೇ ಬರೆದಿಟ್ಟಿರಬೇಕು.

ಆದ್ದರಿಂದ ಚಿಕ್ಕೇರೂರಿನ ಕೂಟಕ್ಕೆ ಹಿರೇಕೆರೂರು ತಾಲೂಕಿನವರಷ್ಟೇ ಅಲ್ಲ, ಹಾನಗಲ್ಲ, ಶಿಗ್ಗಾಂವಿ, ಸವಣೂರಿನವರೂ ಬರಲಿ ಎಂಬ ಆಸೆ. ಶಿಗ್ಗಾಂವಿಯವರು ಬಾಡಕ್ಕೂ ಶಿಶುನಾಳಕ್ಕೂ ಹೋಗುವ ಕಾಲುದಾರಿಗಳನ್ನು ಬಲ್ಲವರು. ತಾರಕೇಶ್ವರ ಗುಡಿ ಎಲ್ಲರಿಗೂ ಗೊತ್ತು, ಆದರೆ ಹಾನಗಲ್ಲ ಕಡೆಯ ಹೊಲದ ಬದುಗಳಲ್ಲಿ ಒರಗಿ ನಿಂತ ವೀರಗಲ್ಲುಗಳನ್ನು ತೋರಿಸಬೇಕಾದವರು ಆ ಹೊಲದವರು. ಬೆಂಗಳೂರಿನಲ್ಲಿ ಉತ್ಸಾಹಿಗಳು ಹಳೆಯ ಶಾಸನಗಲ್ಲುಗಳನ್ನು ಹುಡುಕಿ, ಇದ್ದ ಜಾಗವನ್ನು ಗುರುತಿಸಿದ್ದರಿಂದ ಎಷ್ಟೋ ಕಲ್ಲು ಉಳಿದವು. ನಮ್ಮಲ್ಲೂ ಆಗಬಹುದಾದ ಕೆಲಸ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಬಾವೊಬಾಬ್ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಶತಮಾನಗಳ ಮರ. ಈಗ ನಕಾಶೆಯಲ್ಲಿ ಆ ಮರಗಳ ಚುಕ್ಕೆಗಳನ್ನು ಹೇಗೆ ಇಡಬೇಕು ಎಂಬುದನ್ನು ಸವಣೂರಿನವರೇ ಬಂದು ಹೇಳಲಿ.

"ಊಟ?" ಎಂದು ಕೊನೆಗೆ ಕೇಳಿದವರು ಕಾಕಿ. ಬುತ್ತಿ ಅವರವರದು, ಮಧ್ಯಾಹ್ನಕ್ಕೆ ಮಜ್ಜಿಗೆ, ಸಂಜೆ ಮಂಡಕ್ಕಿ ಮಿರ್ಚಿ ನನ್ನ ಪಾಲಿಗೆ ಎಂದಾಯಿತು. ಹೊತ್ತು ಏರಿತ್ತು. ಕಾಕಾ ಕುಡಗೋಲು ಎತ್ತಿಕೊಂಡರು, ಮುಳ್ಳುಕಂಟಿ ಇನ್ನೂ ಅರ್ಧ ಉಳಿದಿತ್ತು.

ಬರುವವರು ಫೋನು ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ನೀರಿನ ಬಾಟಲಿ ಇರಲಿ, ಗಟ್ಟಿ ಚಪ್ಪಲಿ ಇರಲಿ. ಜೊತೆಗೆ ನಿಮ್ಮ ಊರಿನ ಒಬ್ಬ ನೀರಗಂಟಿಯನ್ನೋ, ಅಂಚೆಯವರನ್ನೋ, ಆಶಾ ಕಾರ್ಯಕರ್ತೆಯನ್ನೋ, ದನ ಕಾಯ್ದ ಅಜ್ಜನನ್ನೋ ಕರೆದುಕೊಂಡು ಬನ್ನಿ. ಫೋನಿಲ್ಲದಿದ್ದರೂ ನಡೆಯುತ್ತದೆ, ಅವರಿಲ್ಲದೆ ನಡೆಯುವುದಿಲ್ಲ.